ಟಾಟಾ 407 ಲಾರಿಯ ಆಲ್ಟರ್ನೇಟರ್ ವೈರಿಗೆ 80 ಆಂಪಿಯರ್ ಮಿಡಿ ಫ್ಯೂಸ್: ಹಾಕಿಸಿ, ಓಡಿಸಿ, ಬರೆಯುತ್ತಿದ್ದೇನೆ

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಹಳೆ ಲಾರಿ ಇಟ್ಟುಕೊಂಡಿದ್ದೀರಿ, ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನಿಂದ ಹೊರಟ ದಪ್ಪ ವೈರಿಗೆ ಫ್ಯೂಸೇ ಇಲ್ಲ ಅಂದರೆ, ಬೋಲ್ಟ್ ಹಾಕಿ ಕೂರಿಸುವ ಈ ಮಿಡಿ ಫ್ಯೂಸ್ ತಗೊಳ್ಳಿ. ಫ್ಯೂಸು, ಹೋಲ್ಡರ್ ಎರಡೂ ಸೇರಿ ಸಾವಿರ ರೂಪಾಯಿ ದಾಟಲ್ಲ. ವೈರು, ವೈರಿನ ತುದಿಗೆ ಹಾಕುವ ಲಗ್ಗು, ಕೂಲಿ ಬೇರೆ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಕಳೆದಿರೋದು ಫ್ಯೂಸಿಗಲ್ಲ, ಹೋಲ್ಡರ್‌ಗೆ. ಯಾಕೆ ಅಂತ ಮುಂದೆ ಬರುತ್ತದೆ. ಆದರೆ ಯಾವ ಕಂಪನಿಯದು ತಂದಿರಿ ಅನ್ನೋದಕ್ಕಿಂತ ಅದನ್ನು ವೈರಿನ ಯಾವ ತುದಿಗೆ ಹಾಕಿದಿರಿ ಅನ್ನೋದೇ ಇಲ್ಲಿ ಮುಖ್ಯ. ತಪ್ಪು ತುದಿಗೆ ಹಾಕಿದರೆ ದುಡ್ಡು ಸುಮ್ನೆ ದಂಡ.

ಗಾಡಿ ನಮ್ಮದು 1989ರ ಟಾಟಾ 407. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ತೋಟ, ಮನೆ, ಗೊಬ್ಬರ, ಅಡಿಕೆ ಮೂಟೆ, ಒಂದೊಂದು ಸಲ ಮದುವೆ ಮನೆಯ ಪಾತ್ರೆ, ಎಲ್ಲಾ ಹೊತ್ತಿದೆ. 407 ರಸ್ತೆಗೆ ಬಂದಿದ್ದು 1986ರಲ್ಲಿ. ಡಿಸಿಎಂ ಟೊಯೋಟಾ, ಆಲ್ವಿನ್ ನಿಸಾನ್, ಸ್ವರಾಜ್ ಮಜ್ದಾ, ಐಷರ್ ಮಿತ್ಸುಬಿಷಿ ಅಂತ ಜಪಾನಿನ ಹೆಸರು ಅಂಟಿಸಿಕೊಂಡ ಚಿಕ್ಕ ಲಾರಿಗಳು ಬಂದ ಕಾಲ ಅದು. ಎಂಜಿನ್ನಿಗೆ 497 ಅಂತ ಹೆಸರು. ನಾಲ್ಕು ಸಿಲಿಂಡರ್, ಬೋರು (ಸಿಲಿಂಡರಿನ ಒಳ ಅಗಲ) 97 ಮಿಲಿಮೀಟರ್, ಲೆಕ್ಕ ಅಷ್ಟೇ. ಸರ್ಕಾರದ ಪ್ರಕಾರ ಇದು ವಿಂಟೇಜ್ ಅಲ್ಲ. 2021ರಲ್ಲಿ ಬಂದ ನಿಯಮಕ್ಕೆ 50 ವರ್ಷ ದಾಟಿರಬೇಕು, ಬಾಡಿಗೆಗೆ ಓಡಿಸುತ್ತಿರಬಾರದು, ಆಗ ಮಾತ್ರ ನಂಬರ್ ಪ್ಲೇಟಿನಲ್ಲಿ 'ವಿಎ' ಅಕ್ಷರ ಬರುತ್ತದೆ. ಇರಲಿ ಬಿಡಿ. ನನಗೆ ಕ್ಲಾಸಿಕ್ಕೇ.

ಇಷ್ಟು ವಯಸ್ಸಾದ ಗಾಡಿಯಲ್ಲಿ ಕಂಪನಿ ಕೊಟ್ಟ ವೈರಿಂಗ್ ಎಷ್ಟು ಉಳಿದಿರುತ್ತದೆ ಹೇಳಿ? ಎಷ್ಟೋ ಕೈ ಬದಲಾಗಿದೆ, ಎಷ್ಟೋ ಎಲೆಕ್ಟ್ರಿಷಿಯನ್‌ಗಳು ಬಂದು ತಮಗೆ ಸಿಕ್ಕ ವೈರಿನಲ್ಲಿ ತಮಗೆ ತೋಚಿದ ದಾರಿ ಹಿಡಿದು ಹೋಗಿದ್ದಾರೆ, ನಮಗೆ ಸಿಗುವ ಹೊತ್ತಿಗೆ ಟೇಪಿನ ಮೇಲೆ ಟೇಪು. ನಮ್ಮದರಲ್ಲಿ ಆಲ್ಟರ್ನೇಟರಿನಿಂದ, ಎಂಜಿನ್ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟರಿನ ದಪ್ಪ ಬೋಲ್ಟಿಗೆ ಹೋಗುತ್ತಿದ್ದದ್ದು ಮನೆ ವೈರಿಂಗಿನ 6 ಸ್ಕ್ವೇರ್ ಎಂಎಂ ವೈರು. ಕೆಂಪು ಬಣ್ಣ, ಮೇಲೆ ಮನೆ ವೈರಿನ ಕಂಪನಿ ಹೆಸರು ಇನ್ನೂ ಓದಬಹುದಿತ್ತು. ಮಧ್ಯೆ ಫ್ಯೂಸ್ ಗೀಸ್ ಏನೂ ಇಲ್ಲ.

ಅಡಿಕೆ ಸುಗ್ಗಿ ಮುಗಿದ ಮೇಲೆ ಆ ವೈರನ್ನು ಪೂರ್ತಿ ಬಿಚ್ಚಿಸಿದೆ. ನೋಡುವ ಹಾಗಿತ್ತು. ಆಲ್ಟರ್ನೇಟರಿನ ಬೆನ್ನಿಗೆ ಬ್ರೇಕಿನ ವ್ಯಾಕ್ಯೂಮ್ ಪಂಪ್ ಇರುತ್ತದಲ್ಲ, ಅದಕ್ಕೆ ಎಂಜಿನ್ ಆಯಿಲಿನ ಪೈಪು ಬರುತ್ತದೆ. ಅದರ ಜಾಯಿಂಟಿನಿಂದ ಒಸರಿದ ಆಯಿಲು ವೈರಿನ ಮೇಲೇ ಇಳಿದು, ಮೊದಲ ಒಂದು ಗೇಣು ಇನ್ಸುಲೇಷನ್ ಮೆತ್ತಗಾಗಿ ಉಗುರಿನಲ್ಲಿ ಒತ್ತಿದರೆ ಗುರುತು ಬೀಳುತ್ತಿತ್ತು. ಅಲ್ಲಿಂದ ಮುಂದೆ ಬ್ರ್ಯಾಕೆಟಿನ ಅಂಚಿಗೆ ಉಜ್ಜಿ ಉಜ್ಜಿ ಒಂದು ಕಡೆ ಚಪ್ಪಟೆ. ಕ್ಲಾಂಪಿನ ಪಕ್ಕದಲ್ಲಿ ಇಲಿ ಹಲ್ಲಿನ ಗುರುತು, ಜೋಡಿ ಜೋಡಿ ಗೆರೆ, ಎರಡು ಕಡೆ ತಾಮ್ರದ ತನಕ ಹೋಗಿದೆ. ಅಲ್ಲಿ ತಾಮ್ರ ಹಸಿರಾಗಿತ್ತು. ಎಂಜಿನ್ ಬ್ಲಾಕಿನ ಕಬ್ಬಿಣಕ್ಕೂ ಆ ತಾಮ್ರಕ್ಕೂ ಮಧ್ಯೆ ಇದ್ದದ್ದು ಒಂದಿಷ್ಟು ಜಿಡ್ಡು, ಧೂಳು. ಅಡಿಕೆ ಗೋದಾಮಿನ ಪಕ್ಕ ಲಾರಿ ನಿಲ್ಲಿಸುವವರಿಗೆ ಇಲಿ ವಿಷಯ ನಾನು ಹೇಳಬೇಕಾಗಿಲ್ಲ.

ಈಗ ಯಾಕೆ ಈ ಒಂದು ವೈರಿನ ಮೇಲೆ ಇಷ್ಟು ಗಲಾಟೆ ಅಂದರೆ, ಇದು ಎರಡೂ ತುದಿಯಲ್ಲಿ ಕೆರೆ ಇರುವ ಕಾಲುವೆ. ಒಂದು ಕಡೆ ಆಲ್ಟರ್ನೇಟರ್, ಇನ್ನೊಂದು ಕಡೆ ಬ್ಯಾಟರಿ. ಮಧ್ಯೆ ಎಲ್ಲೇ ಒಡೆದರೂ ಎರಡೂ ಕಡೆಯಿಂದ ನುಗ್ಗುತ್ತದೆ. ಆದರೆ ಎರಡೂ ಕೆರೆ ಒಂದೇ ಗಾತ್ರದವಲ್ಲ. ನಮ್ಮ ಆಲ್ಟರ್ನೇಟರು ಲ್ಯೂಕಾಸ್ ಟಿವಿಎಸ್, 12 ವೋಲ್ಟ್, 45 ಆಂಪಿಯರ್. ಎಷ್ಟೇ ಒದ್ದಾಡಿದರೂ ಅದು ಕೊಡೋದು ಹೆಚ್ಚು ಕಡಿಮೆ ಅಷ್ಟೇ. ಬ್ಯಾಟರಿ ಹಾಗಲ್ಲ. ಲಾರಿಗೆ ಹಾಕುವ ದೊಡ್ಡ ಬ್ಯಾಟರಿ ನೇರ ಶಾರ್ಟ್ ಆದರೆ ಸಾವಿರ ಆಂಪಿಯರ್ ದಾಟುತ್ತದೆ. ವೈರು ಕೆಂಪಗೆ ಕಾಯಲು ಕೆಲವು ಸೆಕೆಂಡು ಸಾಕು. ಪಕ್ಕದಲ್ಲೇ ಡೀಸೆಲ್ ಪೈಪು, ಆಯಿಲ್ ಜಿಡ್ಡು.

ಇನ್ನೊಂದು ವಿಷಯ. ಕೀ ತೆಗೆದರೂ ಈ ವೈರಿನಲ್ಲಿ ಕರೆಂಟ್ ಇರುತ್ತದೆ. ಹಿಂದಿನ ಡೈನಮೋ ಕಾಲದಲ್ಲಿ ಕಟೌಟ್ ಅಂತ ಒಂದು ಡಬ್ಬಿ ಇರುತ್ತಿತ್ತು, ಗಾಡಿ ನಿಂತರೆ ಡೈನಮೋವನ್ನು ಬ್ಯಾಟರಿಯಿಂದ ಬೇರೆ ಮಾಡುತ್ತಿತ್ತು. ಆಲ್ಟರ್ನೇಟರಿನಲ್ಲಿ ಆ ಕೆಲಸವನ್ನು, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಳಗಿನ ಡಯೋಡುಗಳೇ ಮಾಡುತ್ತವೆ, ಅದಕ್ಕೇ ದಪ್ಪ ವೈರು ಹಗಲೂ ರಾತ್ರಿ ನೇರ ಬ್ಯಾಟರಿಗೆ ಕಟ್ಟಿಕೊಂಡಿರುತ್ತದೆ. ಲಾರಿ ಶೆಡ್ಡಿನಲ್ಲಿ ನಿಂತಿದೆ, ಕೀ ನಿಮ್ಮ ಜೇಬಿನಲ್ಲಿದೆ, ಇಲಿ ಮಾತ್ರ ಡ್ಯೂಟಿಯಲ್ಲಿದೆ. ಆಗಲೂ ಬೆಂಕಿ ಬೀಳಬಹುದು. ಆಲ್ಟರ್ನೇಟರಿನ ಡಯೋಡುಗಳೇ ಸುಟ್ಟು ಶಾರ್ಟ್ ಆದರೂ ಅದೇ ಕಥೆ, ವೈರು ಸರಿಯಿದ್ದರೂ ಬ್ಯಾಟರಿಯಿಂದ ಕರೆಂಟು ಹಿಂದಕ್ಕೆ ಹರಿಯುತ್ತದೆ.

ಅದಕ್ಕೇ ಫ್ಯೂಸ್ ಬ್ಯಾಟರಿ ತುದಿಯಲ್ಲಿ ಇರಬೇಕು. ಆಲ್ಟರ್ನೇಟರಿನ ಬೋಲ್ಟಿನ ಪಕ್ಕದಲ್ಲಿ ಹಾಕಿ 'ಆಯ್ತು ಸಾರ್, ಫ್ಯೂಸ್ ಹಾಕಿದೆ' ಅನ್ನುವವರು ಇದ್ದಾರೆ. ಸಾಗರ ಪೇಟೆಯಲ್ಲೇ ಒಬ್ಬರು ನನಗೆ ಹಾಗೇ ಮಾಡಿಕೊಡಲು ಹೊರಟಿದ್ದರು, ಅಲ್ಲಿ ಜಾಗ ಚೆನ್ನಾಗಿದೆ, ಕೈ ಸಲೀಸಾಗಿ ಹೋಗುತ್ತದೆ ಅಂತ. ಅಲ್ಲಿ ಹಾಕಿದರೆ ಬ್ಯಾಟರಿಯಿಂದ ಅಲ್ಲಿಯವರೆಗಿನ ಪೂರ್ತಿ ವೈರು ಬರಿ ಮೈಯಲ್ಲೇ ಇದ್ದಂತೆ. ಅಮೆರಿಕದ ದೋಣಿಗಳ ವೈರಿಂಗ್ ನಿಯಮದಲ್ಲಿ ಬ್ಯಾಟರಿಯಿಂದ 7 ಇಂಚಿನ ಒಳಗೆ ಫ್ಯೂಸ್ ಇರಬೇಕು ಅಂತಿದೆ, ಅಂದರೆ ಸುಮಾರು ಒಂದು ಗೇಣು. ಲಾರಿಗೆ ಆ ನಿಯಮ ಇಲ್ಲ. ಆದರೆ ಬುದ್ಧಿ ಒಂದೇ ಅಲ್ವಾ?

ಏನೇನು ಸಿಗುತ್ತದೆ ಅಂತ ನೋಡಿದೆ. ಮೊದಲನೆಯದು ಫ್ಯೂಸಿಬಲ್ ಲಿಂಕ್. ಜಪಾನ್ ಮೂಲದ ಹಳೆ ಕಾರುಗಳಲ್ಲಿ, ಅಮೆರಿಕದ ಹಳೆ ಪಿಕಪ್‌ಗಳಲ್ಲಿ ಇರುತ್ತದೆ. ತಾನು ಕಾಪಾಡಬೇಕಾದ ವೈರಿಗಿಂತ ನಾಲ್ಕು ಗೇಜ್ (ವೈರಿನ ದಪ್ಪದ ಅಳತೆ) ಸಣ್ಣದಾದ ಒಂದು ತುಂಡು ವೈರು, ಮೇಲೆ ಬೆಂಕಿ ಹಿಡಿಯದ ಹೊದಿಕೆ. ಶಾರ್ಟ್ ಆದರೆ ಮೊದಲು ಅದೇ ಕರಗುತ್ತದೆ. ಅಗ್ಗ, ಗಟ್ಟಿ, ಅಲುಗಾಟಕ್ಕೆ ಜಗ್ಗಲ್ಲ. ನಮ್ಮ ಕಡೆ ತೊಂದರೆ ಏನು ಅಂದರೆ ಅಸಲಿ ಲಿಂಕ್ ವೈರು ಸಿಗೋದು ಕಷ್ಟ. ಲಿಂಕ್ ಕೇಳಿದರೆ ಮಾಮೂಲಿ ಸಣ್ಣ ವೈರು ಕೊಡುತ್ತಾರೆ. ಅದು ಕರಗುವಾಗ ಅದರ ಮೇಲಿನ ಪಿವಿಸಿಯೇ ಬೆಂಕಿ ಹಿಡಿಯುತ್ತದೆ. ಜೊತೆಗೆ ಲಿಂಕ್ ಸುಟ್ಟಿದೆಯೋ ಇಲ್ಲವೋ ಹೊರಗಿನಿಂದ ಗೊತ್ತಾಗಲ್ಲ, ಎಳೆದು ನೋಡಬೇಕು.

ಎರಡನೆಯದು ಬಟನ್ ಒತ್ತಿದರೆ ರೀಸೆಟ್ ಆಗುವ ಬ್ರೇಕರ್. ಕಾರಿನ ಆಂಪ್ಲಿಫೈಯರ್‌ಗೆ ಅಂತ ಆನ್‌ಲೈನ್‌ನಲ್ಲಿ ಮುನ್ನೂರು ನಾನೂರಕ್ಕೆ ಸಿಗುತ್ತದೆ. ಹೆಸರಿಲ್ಲದ ಒಂದನ್ನು ತರಿಸಿ ಮೇಜಿನ ಮೇಲೆ ಇಟ್ಟು 40 ಆಂಪಿಯರ್ ಹರಿಸಿ ನೋಡಿದೆ. ಅದರ ಎರಡು ತುದಿ ಮಧ್ಯೆ 0.3 ವೋಲ್ಟ್ ಬಿತ್ತು. 12 ವ್ಯಾಟ್ ಶಾಖ, ಪುಟ್ಟ ಪ್ಲಾಸ್ಟಿಕ್ ಡಬ್ಬಿಯೊಳಗೆ! ಕೈ ಇಡಲಾಗಲಿಲ್ಲ. ವಾಪಸ್ ಕಳಿಸಿದೆ. ಒಳ್ಳೆ ಕಂಪನಿಯ ಬ್ರೇಕರ್ ಬೇರೆ ಮಾತು, ಅದರ ಬೆಲೆಯೂ ಬೇರೆ ಮಾತು. ಅಲ್ಲದೆ ಇಲ್ಲಿ ರೀಸೆಟ್ ಬಟನ್ ಒಳ್ಳೆಯದೇ ಅಲ್ಲ ಅನ್ನೋದು ನನ್ನ ಅಭಿಪ್ರಾಯ. ಈ ವೈರಿನಲ್ಲಿ ಫ್ಯೂಸ್ ಹೋಗಿದೆ ಅಂದರೆ ಏನೋ ದೊಡ್ಡದೇ ಆಗಿದೆ. ಕ್ಲೀನರ್ ಹುಡುಗ ಬಟನ್ ಒತ್ತಿ 'ಬಂತು ಅಣ್ಣಾ' ಅನ್ನೋದು ಬೇಡ.

ಮೂರನೆಯದು ಬ್ಯಾಟರಿಯ ಟರ್ಮಿನಲ್ ಮೇಲೇ ಕೂರುವ ಎಂಆರ್‌ಬಿಎಫ್ ಅನ್ನುವ ಫ್ಯೂಸ್. ದೋಣಿಯವರ ಮಾಲು, ಬ್ಲೂ ಸೀ ಕಂಪನಿಯದು ಹೆಸರುವಾಸಿ. 14 ವೋಲ್ಟಿನಲ್ಲಿ 10,000 ಆಂಪಿಯರ್ ಶಾರ್ಟ್ ಬಂದರೂ ಕತ್ತರಿಸುವ ತಾಕತ್ತು, ಸುಡುವಾಗ ಕಿಡಿ ಹೊರಗೆ ಬರದ ಹಾಗೆ ಮುಚ್ಚಿರುತ್ತದೆ. ನಿಜ ಹೇಳಬೇಕೆಂದರೆ ಅದೇ ಎಲ್ಲಕ್ಕಿಂತ ಒಳ್ಳೆಯದು. ಹೊರದೇಶದಿಂದ ಬರುವ ಬೆಲೆ ನೋಡಿ ಸುಮ್ಮನಾದೆ. ಒಂದು ಸುಟ್ಟರೆ ಇನ್ನೊಂದು ಸಾಗರದಲ್ಲಿ ಎಲ್ಲಿ ಸಿಗಬೇಕು?

ಕೊನೆಗೆ ಆರಿಸಿದ್ದು ಮಿಡಿ ಫ್ಯೂಸ್. ಲಿಟಲ್‌ಫ್ಯೂಸ್ ಕಂಪನಿ ಇಟ್ಟ ಹೆಸರು ಅದು, ಬೇರೆಯವರು ಎಎಂಐ ಅಂತ ಮಾರುತ್ತಾರೆ. ಎರಡೂ ಒಂದೇ ಅಳತೆ. ಎರಡು ತೂತಿನ ಮಧ್ಯೆ 30 ಮಿಲಿಮೀಟರ್, 5 ಎಂಎಂ ಬೋಲ್ಟು. 30 ಆಂಪಿಯರಿನಿಂದ 200ರ ತನಕ ಬರುತ್ತದೆ. ಇದರ ಅಣ್ಣ ಮೆಗಾ ಅಂತ ಇದೆ, ಅದಕ್ಕೆ 8 ಎಂಎಂ ಬೋಲ್ಟು, ದೊಡ್ಡ ಆಲ್ಟರ್ನೇಟರ್ ಇರುವವರಿಗೆ. ಈಗಿನ ಕಾರುಗಳಲ್ಲಿ ಬ್ಯಾಟರಿ ಪಕ್ಕದ ಡಬ್ಬಿ ತೆಗೆದು ನೋಡಿ, ಬೋಲ್ಟ್ ಹಾಕಿ ಕೂರಿಸಿದ ಇದೇ ಜಾತಿಯ ಫ್ಯೂಸು ಕಾಣುತ್ತದೆ. ಅಂದರೆ ಬಿಡಿ ಮಾಲು ಸಿಗುತ್ತದೆ ಅಂತಾಯಿತು. ಕೈಯಲ್ಲಿ ಹಿಡಿದರೆ ಚಿಕ್ಕದು, ಹೆಬ್ಬೆರಳಿನಷ್ಟು ಇಲ್ಲ. ಮೇಲೆ ಪಾರದರ್ಶಕ ಕಿಟಕಿ, ಒಳಗೆ ಪಟ್ಟಿ ಕಾಣುತ್ತದೆ, ಸುಟ್ಟಿದೆಯಾ ಇಲ್ಲವಾ ಟಾರ್ಚ್ ಬಿಟ್ಟರೆ ಗೊತ್ತಾಗುತ್ತದೆ. ಆಂಪಿಯರ್ ಸಂಖ್ಯೆ ಮೈಮೇಲೆ ಅಚ್ಚಾಗಿದೆ.

80 ಯಾಕೆ? ಆಲ್ಟರ್ನೇಟರ್ 45. ಅದಕ್ಕೆ ಕಾಲು ಭಾಗ ಸೇರಿಸಿದರೆ 56, ಅರ್ಧ ಸೇರಿಸಿದರೆ 67. ಬ್ಯಾಟರಿ ಪೂರ್ತಿ ಇಳಿದಾಗ ಆಲ್ಟರ್ನೇಟರ್ ಬಹಳ ಹೊತ್ತು ಪೂರ್ತಿ ದಮ್ಮು ಕಟ್ಟಿ ಚಾರ್ಜ್ ಮಾಡುತ್ತದೆ, ಎಂಜಿನ್ ಪಕ್ಕದ ಕಾವಿಗೆ ಫ್ಯೂಸೂ ಸ್ವಲ್ಪ ಬೇಗ ಸೋಲುತ್ತದೆ. ಸದಾ ಹರಿಯುವ ಕರೆಂಟು ಫ್ಯೂಸಿನ ಮುಕ್ಕಾಲು ದಾಟಬಾರದು ಅನ್ನೋದು ವಾಡಿಕೆ ಲೆಕ್ಕ. 45 ಅಂದರೆ 80ರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಆರಾಮ. 60 ಹಾಕಿದರೆ ಸುಮ್ಮಸುಮ್ಮನೆ ಹೋಗುವ ಭಯ. ಈ ಫ್ಯೂಸ್ ಸುಮ್ಮಸುಮ್ಮನೆ ಹೋಗಬಾರದು, ಅದರ ಕಾರಣ ಆಮೇಲೆ.

ಆದರೆ 80ರ ಫ್ಯೂಸು 6 ಸ್ಕ್ವೇರ್ ಎಂಎಂ ವೈರನ್ನು ಕಾಪಾಡಲಾರದು. ಅರ್ಧಂಬರ್ಧ ಶಾರ್ಟ್ ಆಗಿ 75 ಆಂಪಿಯರ್ ಹರಿಯುತ್ತಿದ್ದರೆ ಫ್ಯೂಸ್ ತೆಪ್ಪಗಿರುತ್ತದೆ, ವೈರು ಬೇಯುತ್ತಿರುತ್ತದೆ. ಆಲ್ಟರ್ನೇಟರಿಗಿಂತ ಫ್ಯೂಸ್ ದೊಡ್ಡದು, ಫ್ಯೂಸಿಗಿಂತ ವೈರ್ ದೊಡ್ಡದು. ಇಷ್ಟೇ ನೆನಪಿಡಬೇಕಾದ್ದು. ಹಾಗಾಗಿ ವೈರನ್ನು 16 ಸ್ಕ್ವೇರ್ ಎಂಎಂಗೆ ಏರಿಸಿದೆ. ವೆಲ್ಡಿಂಗ್ ಕೇಬಲ್ಲೇ ತಂದೆ, ಆದರೆ ಮಾಮೂಲಿದಲ್ಲ, ಹೆಚ್‌ಓಎಫ್‌ಆರ್ ಅಂತ ಬರುತ್ತದೆ, ಶಾಖ, ಆಯಿಲು, ಬೆಂಕಿ ಮೂರಕ್ಕೂ ತಡೆಯುವ ಹೊದಿಕೆ ಅದರದು. ಎಳೆ ಸಣ್ಣ ಸಣ್ಣ, ಬಗ್ಗುತ್ತದೆ, ಅಲುಗಾಟಕ್ಕೆ ತುಂಡಾಗಲ್ಲ. ಇನ್ನೊಂದು ಲಾಭ ಕೇಳದೇ ಬಂತು. ಮೂರು ಮೀಟರ್ ವೈರಿನಲ್ಲಿ 45 ಆಂಪಿಯರ್ ಹರಿದರೆ 6 ಸ್ಕ್ವೇರಿನಲ್ಲಿ ಸುಮಾರು 0.4 ವೋಲ್ಟ್ ನುಂಗಿಹೋಗುತ್ತದೆ, 16ರಲ್ಲಿ 0.15. ರಾತ್ರಿ ಹೆಡ್‌ಲೈಟ್ ಹಾಕಿ ಓಡಿಸುವಾಗ ಬ್ಯಾಟರಿಯಲ್ಲಿ ವೋಲ್ಟೇಜ್ ಮೊದಲಿಗಿಂತ ಚೆನ್ನಾಗಿ ನಿಲ್ಲುತ್ತಿದೆ.

ಸಾಮಾನು ಬೆಂಗಳೂರಿನಿಂದ ತಂದದ್ದು. ಫ್ಯೂಸು, ಹೋಲ್ಡರು ಜೆ.ಸಿ. ರೋಡಿನಲ್ಲಿ, ಲಗ್ಗು, ಕಾಯಿಸಿದರೆ ಕುಗ್ಗಿ ಹಿಡಿಯುವ, ಗಮ್ ಇರುವ ಹೀಟ್ ಶ್ರಿಂಕ್ ಸ್ಲೀವು ಎಸ್.ಪಿ. ರೋಡಿನಲ್ಲಿ. ಜೆ.ಸಿ. ರೋಡಿನಲ್ಲಿ 'ಮಿಡಿ ಫ್ಯೂಸ್' ಅಂದರೆ ಅರ್ಧ ಅಂಗಡಿಯವರು ಮಿನಿ ಫ್ಯೂಸ್ ತೆಗೆದು ಕೊಡುತ್ತಾರೆ. ಬೋಲ್ಟ್ ಹಾಕಿ ಕೂರಿಸುವ ಫ್ಯೂಸು ಅನ್ನಿ, ಫೋನಿನಲ್ಲಿ ಫೋಟೋ ತೋರಿಸಿ. ಹೆಸರಿಲ್ಲದ ಪೊಟ್ಟಣದಲ್ಲಿರುವುದನ್ನು ಮಾತ್ರ ತಗೋಬೇಡಿ, ಅರ್ಧ ಬೆಲೆಗೆ ಕೊಡುತ್ತಾರೆ. ಸಾವಿರ ಆಂಪಿಯರ್ ಬಂದಾಗ ಅದು ಕತ್ತರಿಸುತ್ತದೋ, ಸಿಡಿದು ಒಳಗೇ ಕಿಡಿ ಹಿಡಿದುಕೊಂಡು ಕೂರುತ್ತದೋ, ಪೊಟ್ಟಣದ ಮೇಲೆ ಬರೆದಿರಲ್ಲ.

ಕೂರಿಸಿದ್ದು ಶಿವಮೊಗ್ಗದ ಒಬ್ಬ ಆಟೋ ಎಲೆಕ್ಟ್ರಿಷಿಯನ್. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಇಂಥವರು ಹುಡುಕಿದರೆ ಸಿಗುತ್ತಾರೆ. ಲಗ್ಗನ್ನು ವೈರಿಗೆ ಒತ್ತಿ ಕೂರಿಸುವ ಹೈಡ್ರಾಲಿಕ್ ಕ್ರಿಂಪರ್ ಇದೆಯಾ ಅಂತ ಮೊದಲು ಕೇಳಿ. ಲಗ್ಗನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸುವವರ ಹತ್ತಿರ ಈ ಕೆಲಸ ಮಾಡಿಸಬೇಡಿ. ಬೆಸುಗೆ ಹಾಕಿದರೆ ಗಟ್ಟಿ ಅನ್ನುವವರಿದ್ದಾರೆ. ಆದರೆ ಸೀಸ ಒಳಗೆ ಇಳಿದ ಕಡೆ ವೈರು ಕಡ್ಡಿಯಾಗುತ್ತದೆ, ಡೀಸೆಲ್ ಎಂಜಿನ್ನಿನ ನಡುಕಕ್ಕೆ ಅದೇ ಜಾಗದಲ್ಲಿ ಮುರಿಯುತ್ತದೆ. ಇವರು ಕ್ರಿಂಪ್ ಮಾಡಿ, ಎಳೆದು ನೋಡಿ, ಸ್ಲೀವ್ ಕಾಯಿಸಿ, ಮತ್ತೆ ಎಳೆದು ನೋಡಿದರು. ಮಾತು ಕಡಿಮೆ. ಬ್ಯಾಟರಿಯ ನೆಗೆಟಿವ್ ಬಿಚ್ಚಿ ಪಕ್ಕಕ್ಕೆ ಕಟ್ಟಿದ ಮೇಲೆಯೇ ಬೇರೆ ಸ್ಪ್ಯಾನರ್ ಎತ್ತಿದ್ದು. ಅದನ್ನು ನೋಡಿಯೇ ನನಗೆ ಅರ್ಧ ಸಮಾಧಾನ ಆಯಿತು.

ಹಳೆ ವೈರನ್ನು ಪೂರ್ತಿ ತೆಗೆಸಿದ್ದೇನೆ. 'ಇರಲಿ ಬಿಡಿ, ಜೊತೆಗೆ ಇನ್ನೊಂದು ಎಳೆಯೋಣ' ಅನ್ನುವವರ ಮಾತು ಕೇಳಬೇಡಿ. ಫ್ಯೂಸ್ ಇಲ್ಲದ ವೈರು ಪಕ್ಕದಲ್ಲೇ ಜೀವಂತ ಇದ್ದರೆ ಹೊಸ ಫ್ಯೂಸು ಬರೀ ಅಲಂಕಾರ. ಹೊಸ ವೈರು ಸೆಲ್ಫಿಗೆ ಹೋಗದೆ ಆಲ್ಟರ್ನೇಟರಿನಿಂದ ನೇರ ಬ್ಯಾಟರಿ ಕಡೆಗೆ ಬರುತ್ತದೆ. ಹೋಲ್ಡರನ್ನು ಬ್ಯಾಟರಿ ಪೆಟ್ಟಿಗೆಯ ಹೊರ ಮೈಗೆ ಕೂರಿಸಿದ್ದೇವೆ, ಒಳಗಲ್ಲ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಸುಡುವ ಫ್ಯೂಸು ಅದರ ಜೊತೆ ಒಂದೇ ಪೆಟ್ಟಿಗೆಯಲ್ಲಿ ಇರಬಾರದು. ಕ್ಯಾಬಿನ್ನಿನ ಫ್ಯೂಸ್ ಬಾಕ್ಸಿಗೆ ಹೋಗುವ ವೈರಿಗೆ ಬೇರೆ 50ರ ಫ್ಯೂಸು ಅದರ ಪಕ್ಕದಲ್ಲೇ ಇದೆ.

ವೈರಿನ ದಾರಿಗೇ ಜಾಸ್ತಿ ಹೊತ್ತು ಹಿಡಿಯಿತು. ಬಿಸಿ ಹೊಗೆ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನಿಂದ ದೂರ, ಡೀಸೆಲ್ ಪೈಪಿಗೆ ಕಟ್ಟದೆ, ವ್ಯಾಕ್ಯೂಮ್ ಪಂಪಿನ ಜಾಯಿಂಟಿನ ಕೆಳಗೆ ಬರದ ಹಾಗೆ ಸುತ್ತಿಸಿ ತಂದಿದ್ದೇವೆ. ಗೇಣಿಗೊಂದು ರಬ್ಬರ್ ಹಾಕಿದ ಕ್ಲಾಂಪು. ಎಂಜಿನ್ನಿನಿಂದ ಚಾಸಿಗೆ ದಾಟುವ ಕಡೆ ಸ್ವಲ್ಪ ಸಡಿಲ ಬಿಡಲೇಬೇಕು, ಎಂಜಿನ್ ತನ್ನ ರಬ್ಬರಿನ ಮೇಲೆ ಕುಣಿಯುತ್ತದೆ, ವೈರು ಬಿಗಿ ಇದ್ದರೆ ಆಲ್ಟರ್ನೇಟರಿನ ಬೋಲ್ಟನ್ನೇ ಎಳೆಯುತ್ತದೆ. ಆ ಬೋಲ್ಟಿನ ಮೇಲೆ ರಬ್ಬರ್ ಟೋಪಿ ಹಾಕಿದೆ. ಸ್ಪ್ಯಾನರ್ ಜಾರಿ ಬಿದ್ದು ಆಗುವ ಶಾರ್ಟು ಇಲಿಯಿಂದ ಆಗೋದಕ್ಕಿಂತ ಕಡಿಮೆ ಏನಲ್ಲ. ಇಲಿಗೆ? ಮಾಮೂಲಿ ಪ್ಲಾಸ್ಟಿಕ್ ಸುರುಳಿ ಕಾಂಡ್ಯೂಟ್ ಅದಕ್ಕೆ ತಿಂಡಿ. ನೆಲಕ್ಕೆ ಹತ್ತಿರ ಇರುವ ಭಾಗಕ್ಕೆ ನೈಲಾನ್ ಹೆಣಿಗೆಯ ಸ್ಲೀವು, ಅದರ ಮೇಲೆ ಹಳೆ ಹೈಡ್ರಾಲಿಕ್ ಹೋಸಿನ ತುಂಡು ಹಾಕಿದ್ದೇವೆ. ಮಳೆ ನೀರು ನಿಲ್ಲದಂತೆ ಕೆಳಗಿನ ತುದಿ ತೆರೆದೇ ಇದೆ. ಈವರೆಗೆ ಹಲ್ಲಿನ ಗುರುತಿಲ್ಲ.

ಫ್ಯೂಸ್ ನಿಜವಾಗಿ ಕೆಲಸ ಮಾಡುತ್ತದಾ ಅಂತ ಲಾರಿಯಲ್ಲಿ ನೋಡಲಾಗಲ್ಲ. ಎಲೆಕ್ಟ್ರಿಷಿಯನ್ ಗ್ಯಾರೇಜಿನ ಹಳೆ ಬ್ಯಾಟರಿಯನ್ನು ಅಂಗಳಕ್ಕೆ ತಂದು, ಕೈಗವಸು, ಕನ್ನಡಕ ಹಾಕಿಕೊಂಡು, ಉದ್ದ ವೈರಿನಲ್ಲಿ ದೂರ ನಿಂತು ಒಂದು 80ರ ಫ್ಯೂಸನ್ನು ಬಲಿ ಕೊಟ್ಟರು. ನೀವು ಮನೆಯಲ್ಲಿ ಮಾಡಬೇಡಿ. ವೈರಿನ ತುದಿ ಕಬ್ಬಿಣದ ಪ್ಲೇಟಿಗೆ ತಾಗಿದ ತಕ್ಷಣ 'ಟಪ್' ಅಂತ ಒಣ ಸದ್ದು. ಕಿಡಿ ಪ್ಲೇಟಿನ ಹತ್ತಿರ ಮಾತ್ರ. ಫ್ಯೂಸಿನ ಕಿಟಕಿ ಒಳಗಿನಿಂದ ಬೂದು ಬಣ್ಣ, ಪಟ್ಟಿಯ ನಡುಭಾಗ ಮಾಯ, ಡಬ್ಬಿ ಒಡೆದಿಲ್ಲ. 16 ಸ್ಕ್ವೇರ್ ವೈರನ್ನು ಮುಟ್ಟಿದರೆ ಬಿಸಿಯೂ ಇರಲಿಲ್ಲ. ಆಮೇಲೆ ನಮ್ಮ ಗಾಡಿಯಿಂದ ಬಿಚ್ಚಿದ ಹಳೆ ಕೆಂಪು ವೈರಿನ ಒಂದು ಮೊಳ ತುಂಡನ್ನು ಫ್ಯೂಸಿಲ್ಲದೆ ಹಾಗೇ ತಾಗಿಸಿದರು. ಮೊದಲು ವಾಸನೆ, ಆಮೇಲೆ ಬಿಳಿ ಹೊಗೆ, ಇನ್ಸುಲೇಷನ್ ಗುಳ್ಳೆ ಎದ್ದು ತೊಟ್ಟಿಕ್ಕಲು ಶುರುವಾಯಿತು. ಅಷ್ಟರಲ್ಲಿ ಇಕ್ಕಳದಲ್ಲಿ ಎಳೆದು ಹಾಕಿದರು.

ಓಡಿಸುವಾಗ ಫ್ಯೂಸಿನ ಎರಡು ಬೋಲ್ಟ್ ಮಧ್ಯೆ ಮೀಟರ್ ಇಟ್ಟು ನೋಡಿದ್ದೇನೆ. 40 ಆಂಪಿಯರಿನಲ್ಲಿ 30 ಮಿಲಿವೋಲ್ಟ್ ಆಸುಪಾಸು. ಆ ಬ್ರೇಕರಿನ ಹತ್ತನೇ ಒಂದು ಪಾಲು.

ಈಗ ದೂರು. ಹೋಲ್ಡರ್ ಬೇರೆ ಕಂಪನಿಯದು, ಹೆಸರು ಬೇಡ. ಬೋಲ್ಟು ಕೂತಿರುವ ಪ್ಲಾಸ್ಟಿಕ್ ಸಾಧಾರಣ. 5 ಎಂಎಂ ಬೋಲ್ಟಿಗೆ ಸುಮಾರು 4.5 ನ್ಯೂಟನ್ ಮೀಟರ್ ಬಿಗಿ ಸಾಕು, ಅಂದರೆ ಚಿಕ್ಕ ಸ್ಪ್ಯಾನರಿನಲ್ಲಿ ಮಣಿಕಟ್ಟಿನ ಬಲ. ಲಾರಿ ಮೆಕ್ಯಾನಿಕ್ಕುಗಳ ಕೈಗೆ ಅದು ಸಾಲಲ್ಲ, ಇನ್ನೂ ಒಂದು ಸುತ್ತು ಹಾಕುತ್ತಾರೆ, ಬೋಲ್ಟು ಪ್ಲಾಸ್ಟಿಕ್ಕಿನಲ್ಲಿ ತಿರುಗಿಬಿಡುತ್ತದೆ. ಮೊದಲ ಹೋಲ್ಡರ್ ಹಾಗೇ ಹೋಯಿತು. ಎರಡನೆಯದರ ಮುಚ್ಚಳ ಕ್ಲಿಪ್ಪಿನದು, ಮಳೆಗೆ ತಡೆಯೋದಿಲ್ಲ. ನಮ್ಮ ಮಲೆನಾಡಿನ ಆಷಾಢದಲ್ಲಿ ಒಂದು ವಾರಕ್ಕೆ ಬೋಲ್ಟಿನ ಮೇಲೆ ಬಿಳಿ ಪುಡಿ ಕಂಡಿತು. ಒರೆಸಿ, ಬಿಗಿ ಮಾಡಿದ ಮೇಲೆ ಗ್ರೀಸ್ ಸವರಿ, ಮೇಲೊಂದು ಹಳೆ ಟ್ಯೂಬಿನ ರಬ್ಬರ್ ಪಟ್ಟಿ ಮುಚ್ಚಿದ್ದೇನೆ. ಗ್ರೀಸ್ ಲಗ್ಗಿನ ಮಧ್ಯೆ ಹಾಕಬಾರದು, ಬಿಗಿ ಮಾಡಿದ ಮೇಲೆ ಹೊರಗಿನಿಂದ. ಇದಕ್ಕೇ ಒಂದು ಸ್ಟಾರ್ ಕಳೆದಿದ್ದು.

ಫ್ಯೂಸ್ ಹಾಕಿದ ಮೇಲೆ ಗೊತ್ತಿರಬೇಕಾದ ಎರಡು ಮೂರು ಸಂಗತಿ ಇವೆ, ಅಂಗಡಿಯವರು ಹೇಳಲ್ಲ. ಎಂಜಿನ್ ಓಡುತ್ತಾ ಚಾರ್ಜ್ ಆಗುತ್ತಿರುವಾಗ ಈ ಫ್ಯೂಸ್ ಹೋದರೆ, ಅಥವಾ ಬೋಲ್ಟ್ ಸಡಿಲವಾಗಿ ಬಿಟ್ಟರೆ, ಆಲ್ಟರ್ನೇಟರಿನ ಕರೆಂಟಿಗೆ ಹೋಗಲು ಜಾಗ ಇರಲ್ಲ. ಒಂದು ಕ್ಷಣ ವೋಲ್ಟೇಜು ಮೇಲಕ್ಕೆ ಚಿಮ್ಮುತ್ತದೆ. 12 ವೋಲ್ಟಿನ ಗಾಡಿಯಲ್ಲಿ ಅದು 80, 100 ವೋಲ್ಟಿನ ತನಕ ಹೋಗಬಹುದು. ಲೋಡ್ ಡಂಪ್ ಅನ್ನುತ್ತಾರೆ ಇದಕ್ಕೆ. ಹಳೆ ಆಲ್ಟರ್ನೇಟರಿನ ವೋಲ್ಟೇಜ್ ಹತೋಟಿಯಲ್ಲಿಡುವ ರೆಗ್ಯುಲೇಟರು, ಡಯೋಡು ಆಗಲೇ ಸಾಯುವುದು. ಅದಕ್ಕೇ ಈ ಫ್ಯೂಸನ್ನು ಬಿಗಿ ಲೆಕ್ಕದಲ್ಲಿ ಇಡಬಾರದು ಅಂದದ್ದು. ಇದು ಇರೋದು ನೇರ ಶಾರ್ಟಿಗೆ ಮಾತ್ರ. ಎಂಜಿನ್ ಓಡುವಾಗ ಬ್ಯಾಟರಿ ಕಟ್‌ಆಫ್ ಸ್ವಿಚ್ ತಿರುಗಿಸಬಾರದು ಅನ್ನೋದೂ ಇದೇ ಕಾರಣಕ್ಕೆ. ಮೊದಲು ಸ್ಟಾಪರ್ ಎಳೆದು ಎಂಜಿನ್ ನಿಲ್ಲಿಸಿ, ಆಮೇಲೆ ಸ್ವಿಚ್.

ಎರಡನೆಯದು, ಡ್ಯಾಶಿನ ಕೆಂಪು ಚಾರ್ಜಿಂಗ್ ಲೈಟು. ಫ್ಯೂಸ್ ಹೋದರೂ ಆಲ್ಟರ್ನೇಟರು ತನ್ನೊಳಗೆ ತಾನು 14 ವೋಲ್ಟ್ ಇಟ್ಟುಕೊಂಡು ಓಡುತ್ತಿರಬಹುದು. ಆಗ ಬಲ್ಬಿನ ಎರಡು ಕಡೆ ಇರುವ ವ್ಯತ್ಯಾಸ ಒಂದೆರಡು ವೋಲ್ಟು. ಬಲ್ಬು ಮಂಕಾಗಿ ಮಿಣುಕುತ್ತದೆ ಅಷ್ಟೇ, ಹಗಲಲ್ಲಿ ಕಾಣೋದೂ ಇಲ್ಲ. ಇನ್ನೂರು ರೂಪಾಯಿಯ ವೋಲ್ಟ್ ಮೀಟರ್ ಒಂದನ್ನು ಡ್ಯಾಶಿಗೆ ಹಾಕಿಕೊಳ್ಳಿ. ಓಡುವಾಗ 13.8ರಿಂದ 14.4 ಇದ್ದರೆ ಸರಿ. 12.5ರ ಕೆಳಗೆ ಇಳಿಯುತ್ತಿದ್ದರೆ ಬದಿಗೆ ನಿಲ್ಲಿಸಿ ನೋಡಿ.

ಬ್ಯಾಟರಿಯಿಂದ ಸೆಲ್ಫಿಗೆ ಹೋಗುವ ಬೆರಳು ದಪ್ಪದ ಕೇಬಲ್ಲಿಗೆ ಈ ಫ್ಯೂಸಿನಿಂದ ಏನೂ ರಕ್ಷಣೆ ಇಲ್ಲ. ಸ್ಟಾರ್ಟ್ ಮಾಡುವಾಗ ನೂರಾರು ಆಂಪಿಯರ್ ಎಳೆಯುವುದರಿಂದ ಅದಕ್ಕೆ ಸಾಮಾನ್ಯವಾಗಿ ಫ್ಯೂಸ್ ಹಾಕಲ್ಲ. ಅದಕ್ಕೆ ಕ್ಲಾಂಪು, ರಬ್ಬರು, ಕಟ್‌ಆಫ್ ಸ್ವಿಚ್ಚೇ ಗತಿ. ನಾನು ನೆಗೆಟಿವ್ ಕಡೆ ಸ್ವಿಚ್ ಹಾಕಿಸಿದ್ದೇನೆ, ರಾತ್ರಿ ತಿರುಗಿಸಿ ಮಲಗುತ್ತೇನೆ.

ಇನ್ನು ಟ್ರ್ಯಾಕ್ಟರ್ ಬ್ಯಾಟರಿ ತಂದು ಜಂಪ್ ಕೊಡುವಾಗ ಪ್ಲಸ್ಸಿಗೆ ಮೈನಸ್ ಹಾಕುವ ಕೆಲಸ ಹಳ್ಳಿ ಕಡೆ ಆಗುತ್ತಲೇ ಇರುತ್ತದೆ. ಹಾಗೆ ತಿರುಗಾಮುರುಗಾ ಆದರೆ ಆಲ್ಟರ್ನೇಟರಿನ ಡಯೋಡುಗಳು ನೇರ ದಾರಿ ಬಿಟ್ಟುಕೊಡುತ್ತವೆ, ಪೂರ್ತಿ ಶಾರ್ಟ್ ಆದಂತೆಯೇ. ಫ್ಯೂಸ್ ಇದ್ದರೆ ವೈರು ಉಳಿಯುತ್ತದೆ. ಡಯೋಡು ಉಳಿದರೆ ನಿಮ್ಮ ಅದೃಷ್ಟ.

24 ವೋಲ್ಟಿನ ದೊಡ್ಡ ಲಾರಿ ಇರುವವರು ಫ್ಯೂಸಿನ ಮೇಲೆ 32 ವೋಲ್ಟ್ ಅಂತ ಇದೆಯಾ ನೋಡಿ ತಗೊಳ್ಳಿ, ಕಾರ್ ಆಡಿಯೋ ಅಂಗಡಿಯ ಕೆಲವು ಮಾಲು ಅದಕ್ಕೆ ಆಗಲ್ಲ. ಆಲ್ಟರ್ನೇಟರ್ 90 ಆಂಪಿಯರ್ ದಾಟಿದರೆ ಮೆಗಾಗೆ ಹೋಗಿ, ವೈರೂ ಅದಕ್ಕೆ ತಕ್ಕಂತೆ 25 ಅಥವಾ 35 ಸ್ಕ್ವೇರ್. ಎರಡು ಫ್ಯೂಸು ಜಾಸ್ತಿ ತಂದು ಒಂದನ್ನು ಡ್ಯಾಶ್ ಡಬ್ಬಿಯಲ್ಲಿ, 8ರ ಸ್ಪ್ಯಾನರ್ ಜೊತೆ ಟೇಪ್ ಸುತ್ತಿ ಇಟ್ಟಿದ್ದೇನೆ. ಹೋಲ್ಡರ್ ಮಾತ್ರ ಮುಂದಿನ ಸಲ ಬೆಂಗಳೂರಿಗೆ ಹೋದಾಗ ಒಳ್ಳೆಯದು ತಂದು ಬದಲಿಸಬೇಕು. ಮಳೆಗೆ ತಡೆಯುವ ಮುಚ್ಚಳದ್ದು ಯಾರಾದರೂ ಬಳಸಿದ್ದರೆ ಎಲ್ಲಿ ಸಿಕ್ಕಿತು, ಎಷ್ಟಾಯಿತು ಹೇಳಿ.